ಮೇಲೆ ಸುಣ್ಣ, ಒಳಗೆ ಸಾವು!

ಮೇಲೆ ಬಸಪ್ಪ, ಒಳಗೆ ವಿಷಪ್ಪ! ಪೇಟೆ ಬೀದಿಯ ಹಳೇ ಮನೆಗಳ ಗೋಡೆಗೆ ಈ ಗಾದೆ ಸರಿಯಾಗಿ ಒಪ್ಪುತ್ತದೆ. ಹಬ್ಬಕ್ಕೆ ಸುಣ್ಣ-ಬಣ್ಣ ತಪ್ಪುವುದಿಲ್ಲ. ವೈರು ಮಾತ್ರ ತಾತನ ಕಾಲದ್ದು.

ಅಂದು ನಾಲ್ಕು ಬಲ್ಬು, ಒಂದು ರೇಡಿಯೋಗೆಂದು ಎಳೆದದ್ದು. ಇಂದು ಅದಕ್ಕೇ ಫ್ರಿಜ್ಜು, ಮಿಕ್ಸಿ, ಗೀಸರ್! 2000 ವಾಟಿನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ವೈರು ಬಿಸಿಯಾಗದೆ ಇದ್ದೀತೇ? ಮರದ ಪಟ್ಟಿ ಬಿಚ್ಚಿದರೆ ಗೆದ್ದಲು. ವೈರಿನ ರಬ್ಬರು ಮುಟ್ಟಿದರೆ ಪುಡಿಪುಡಿ. ಪ್ಲಾಸ್ಟರಿನೊಳಗೆ ಟೇಪು ಸುತ್ತಿ ಹೂತಿಟ್ಟ ಜಾಯಿಂಟು. ಅರ್ತಿಂಗ್ ಹೆಸರಿಗೂ ಇಲ್ಲ. ಮಳೆಗೆ ನೆನೆದರೆ ಗೋಡೆಯೇ ಶಾಕ್ ಹೊಡೆಯುತ್ತದೆ!

ಫ್ಯೂಸ್ ಹೋದರೆ? ದಪ್ಪ ತಾಮ್ರದ ತಂತಿ ಸುತ್ತಿ 'ಸರಿಹೋಯ್ತು ಬಿಡಿ' ಅನ್ನುತ್ತಾರೆ. ಸುಡಬೇಕಾದ ಫ್ಯೂಸು ಸುಡದಿದ್ದರೆ ಮನೆಯೇ ಸುಡುತ್ತದೆ, ಸ್ವಾಮಿ!

ಬಾಡಿಗೆದಾರ 'ಮಾಲೀಕರು ಮಾಡಿಸಲಿ' ಅಂತಾನೆ. ಮಾಲೀಕ 'ಇರೋರು ಮಾಡಿಸ್ಕೊಳ್ಳಲಿ' ಅಂತಾನೆ. ಕರೆಂಟಿಗೆ ಇಬ್ಬರೂ ಒಂದೇ. ಖರ್ಚು ಹಂಚಿಕೊಂಡಾದರೂ ಲೈಸೆನ್ಸ್ ಇದ್ದವರಿಂದ ಗೋಡೆ ಒಡೆಸಿ ನೋಡಲಿ. ಐಎಸ್‌ಐ ಗುರುತಿನ ವೈರು ಎಳೆಸಿ, ಅರ್ತ್ ಗುಂಡಿ ತೋಡಿಸಿ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಲಿ.

ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸವಿದು. ಸುಣ್ಣ ಆಮೇಲೆ ಬಳಿದರಾಯ್ತು.