ಮನೆಯ ಗಾಡಿ: ಮಾರಿಸ್ ಮೈನರಿನ ಮುಂಗಾಲು

ತಂದೆಯ ಕಾಲದಿಂದಲೋ ತಾತನ ಕಾಲದಿಂದಲೋ ಮನೆಯಲ್ಲಿ ಉಳಿದುಬಂದ ಮಾರಿಸ್ ಮೈನರ್ ಗಾಡಿಯನ್ನು ಮಾರಲು ಮನಸ್ಸೊಪ್ಪದೆ, ಹಬ್ಬಹರಿದಿನಗಳಲ್ಲಿ ಹೊರತೆಗೆದು ಓಡಿಸುವ ಗೃಹಸ್ಥರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಇಂಥವರು ಬಣ್ಣಕ್ಕೂ ಹೊಳಪಿಗೂ ಎಷ್ಟು ಹಣ ಸುರಿಯಲೂ ಹಿಂಜರಿಯುವುದಿಲ್ಲ. ಆದರೆ ಗಾಡಿಯ ಕೆಳಗೆ ಬಗ್ಗಿ ನೋಡುವವರು ವಿರಳ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೆ. ನಾಲ್ಕು ಜನ ಸೇರಿ ತಳ್ಳಿ ಮನೆ ಮುಟ್ಟಿಸಬಹುದು. ಮುಂದಿನ ಚಕ್ರವನ್ನು ಹಿಡಿದಿರುವ ಕೀಲು ಕಳಚಿದರೆ ಹಾಗಲ್ಲ. ಆದುದರಿಂದ ಈ ತಿಂಗಳು ಆ ಕೀಲಿನ ವಿಚಾರವನ್ನೇ ಮುಖ್ಯವಾಗಿ ಬರೆಯುತ್ತೇವೆ.

ಈ ಗಾಡಿಯನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್ ಎಂಬವರು. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಇದು 1970ರ ದಶಕದ ಆರಂಭದವರೆಗೆ ಹದಿನಾರು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ನಮ್ಮ ದೇಶದಲ್ಲಿ ಹಿಂದೂಸ್ಥಾನ್ ಮೋಟರ್ಸ್ ಕಂಪನಿಯವರು ಇದನ್ನೇ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ಮಾರಿದರು. ಮಾದರಿ ಗಾಡಿ ಸಿದ್ಧವಾದ ಮೇಲೆ ಅದು ತೀರ ಇಕ್ಕಟ್ಟಾಗಿ ಕಂಡಿತೆಂದು ಇಸಿಗೋನಿಸರು ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸಿ ನೋಡಿ, ನಾಲ್ಕು ಅಂಗುಲ ಅಗಲ ಮಾಡಿಸಿದರಂತೆ. ಚಕ್ರಗಳು ನೆಲವನ್ನು ಹಿಡಿದು ಓಡುವ ರೀತಿಯಲ್ಲಿಯೂ ಅವರಿಗೆ ಅಷ್ಟೇ ಹಟವಿತ್ತು. ಅಂದಿನ ಅಗ್ಗದ ಗಾಡಿಗಳಲ್ಲಿ ಇದರಷ್ಟು ನೇರವಾಗಿ ಚುಕ್ಕಾಣಿಗೆ ಓಗೊಡುತ್ತಿದ್ದುವು ಕೆಲವೇ.

ಇನ್ನು ಕೀಲಿನ ರಚನೆ. ಮುಂದಿನ ಒಂದೊಂದು ಚಕ್ರಕ್ಕೂ ನೆಟ್ಟಗೆ ನಿಂತ ಒಂದು ಉಕ್ಕಿನ ಕಂಬವುಂಟು. ಅದರ ಮೇಲ್ತುದಿಗೂ ಕೆಳತುದಿಗೂ ತಿರುಪಿನ ಸುತ್ತುಗಳಿವೆ. ಆ ಸುತ್ತುಗಳ ಮೇಲೆ ಟ್ರನಿಯನ್ ಎಂದು ಕರೆಯುವ ಲೋಹದ ಗುಬಟುಗಳು, ಸೀಸೆಯ ಬಾಯಿಗೆ ತಿರುಪಿನ ಮುಚ್ಚಳ ಕೂತಂತೆ, ಕೂತಿರುತ್ತವೆ. ನಾವು ಚುಕ್ಕಾಣಿ ತಿರುಗಿಸಿದಾಗ ಕಂಬವು ಈ ಗುಬಟುಗಳೊಳಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಕೆಳಗಿನ ಗುಬಟಿಗೆ ಸೇರಿದ ತೋಳನ್ನು ಟಾರ್ಷನ್ ಬಾರ್ ಎಂಬ, ಗಾಡಿಯ ಉದ್ದಕ್ಕೆ ಮಲಗಿರುವ ಉಕ್ಕಿನ ಸರಳು ತನ್ನ ಮುರುಚುವ ಬಲದಿಂದ ಕೆಳಕ್ಕೆ ಒತ್ತುತ್ತಿರುತ್ತದೆ. ಅಂದಮೇಲೆ ಗಾಡಿಯ ಮುಂಭಾಗದ ಭಾರವೆಲ್ಲ ಕೆಳಗಿನ ಆ ನಾಲ್ಕಾರು ತಿರುಪುಸುತ್ತುಗಳ ಮೇಲೆಯೇ ಬಿದ್ದಂತಾಯಿತು. ಕೊಬ್ಬು ಒಣಗಿದರೆ ಸುತ್ತುಗಳು ಸವೆಯುತ್ತವೆ; ಧೂಳು ಸೇರಿದರೆ ಅರ ಹಾಕಿದಂತೆ ಸವೆಯುತ್ತವೆ. ಕಟ್ಟಕಡೆಗೆ ಒಂದು ದಿನ ಕಂಬವು ಗುಬಟಿನಿಂದ ಕಿತ್ತು ಬಂದು, ಚಕ್ರ ಮಡಿಚಿಕೊಂಡು, ಗಾಡಿ ಮುಗ್ಗರಿಸುತ್ತದೆ. ಸಾಮಾನ್ಯವಾಗಿ ಇದು ನಿಧಾನವಾಗಿ ಪೂರ್ತಿ ತಿರುವು ಕೊಡುವಾಗ, ಮನೆಯ ಗೇಟಿನಲ್ಲಿಯೋ ಅಂಗಡಿಯ ಮುಂದೆಯೋ ಸಂಭವಿಸುತ್ತದೆ. ಆದರೆ ಘಟ್ಟದ ತಿರುವುಗಳಲ್ಲಿಯೂ ನಾವು ಕೊಡುವುದು ಪೂರ್ತಿ ತಿರುವನ್ನೇ ಎಂಬುದನ್ನು ಮರೆಯಲಾಗದು.

ಇದಕ್ಕೆ ಪರಿಹಾರವೋ, ಎತ್ತಿನ ಗಾಡಿ ಹೂಡುತ್ತಿದ್ದ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೀಲೆಣ್ಣೆ ಹಾಕದೆ ಅವರು ಸಂತೆಗೆ ಹೊರಡುತ್ತಿರಲಿಲ್ಲ. ಮೈನರಿಗೆ ಬೇಕಾದುದು ಎಣ್ಣೆಯಲ್ಲ, ಗ್ರೀಸು. ಚಕ್ರವೊಂದಕ್ಕೆ ಮೇಲೊಂದು, ಕೆಳಗೊಂದು ನಿಪ್ಪಲ್ ಇದೆ. 3000 ಮೈಲಿಗೆ, ಎಂದರೆ ಸುಮಾರು 4800 ಕಿಲೋಮೀಟರಿಗೆ ಒಮ್ಮೆ ಗ್ರೀಸು ತುಂಬಬೇಕೆಂದು ಪಳಗಿದವರು ಹೇಳುವುದುಂಟು. ನಮ್ಮ ಧೂಳಿಗೂ ಮಳೆಗೂ ಅದು ಸಾಲದೆಂದು ನಮ್ಮ ಅಭಿಪ್ರಾಯ. 1000 ಮೈಲಿಗೊಮ್ಮೆ ತುಂಬಿಸುವುದು ಲೇಸು. ಗಾಡಿ ವರ್ಷವೆಲ್ಲ ನಿಂತೇ ಇದ್ದರೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಈ ಕೆಲಸ ಆಗತಕ್ಕದ್ದು. ಮೊದಲು ನಿಪ್ಪಲ್ಲಿನ ಮೊಗವನ್ನು ಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ಹೊರಗಿನ ಮರಳನ್ನು ನಾವೇ ಒಳಕ್ಕೆ ತುಂಬಿದಂತಾದೀತು. ಬಳಿಕ ಚಕ್ರವನ್ನು ನೆಲದಿಂದ ಎತ್ತಿ ಸುತ್ತುಗಳ ಮೇಲಿನ ಭಾರ ತಪ್ಪಿಸಿ, ಹಳೆಯ ಕಪ್ಪು ಗ್ರೀಸು ಹೋಗಿ ಹೊಸದು ಹೊರಕ್ಕೆ ಇಣುಕುವವರೆಗೂ ಒತ್ತಬೇಕು. ಎಷ್ಟು ಒತ್ತಿದರೂ ಕೀಲಿನಿಂದ ಏನೂ ಬಾರದೆ ನಿಪ್ಪಲ್ಲಿನ ಸುತ್ತಲೇ ಉಕ್ಕುತ್ತಿದ್ದರೆ ನಿಪ್ಪಲ್ ಕಟ್ಟಿಕೊಂಡಿದೆಯೆಂದು ತಿಳಿಯತಕ್ಕದ್ದು. ಅದನ್ನು ಬದಲಾಯಿಸಲು ಆಗುವ ಖರ್ಚು ಅತ್ಯಲ್ಪ. ಕೆಲಸಗಾರನನ್ನು ನಂಬಿ ಒಳಗೆ ಕಾಫಿ ಕುಡಿಯುತ್ತ ಕೂರದೆ, ನಾಲ್ಕೂ ಕಡೆ ಗ್ರೀಸು ಹೊರಬಂದುದನ್ನು ಯಜಮಾನರು ತಾವೇ ಕಣ್ಣಾರೆ ನೋಡುವುದು ಒಳ್ಳೆಯದು.

ಸವೆತವನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಎತ್ತಿದ ಗಾಡಿಯ ಕೆಳಗೆ ಭದ್ರವಾದ ಆಧಾರ ಕೊಟ್ಟು (ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಕೂಡದು) ಚಕ್ರದ ನೆತ್ತಿಯನ್ನೂ ಬುಡವನ್ನೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿ. ಅಲುಗಾಟ ತಿಳಿದುಬಂದರೆ ಮನೆಯವರೊಬ್ಬರಿಗೆ ಬ್ರೇಕು ಒತ್ತಿಹಿಡಿಯಲು ಹೇಳಿ, ಮತ್ತೆ ಅಲುಗಾಡಿಸಿ. ಆಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ದೋಷ ಕಂಬದ ಕೀಲಿನದು. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಕಂಬವನ್ನೂ ಗುಬಟುಗಳನ್ನೂ ಬದಲಾಯಿಸುವವರೆಗೆ ಹೊರಡಿಸಬಾರದು. ಸವೆದ ಸುತ್ತುಗಳಿಗೆ ಗ್ರೀಸು ತುಂಬಿದರೆ ಅಲುಗಾಟ ಕೆಲವು ದಿನ ಮರೆಯಾಗುವುದಲ್ಲದೆ ವಾಸಿಯಾಗುವುದಿಲ್ಲ. ಹೊಸ ಭಾಗಗಳನ್ನು ಬ್ರಿಟನ್ನಿನಲ್ಲಿ ಈಗಲೂ ತಯಾರಿಸಿ ಮಾರುತ್ತಾರೆ. ಆದುದರಿಂದ ಬೆಸುಗೆ ಹಾಕಿಸಿ ಸಾಗಿಸುವ ದುಸ್ಸಾಹಸಕ್ಕೆ ಕಾರಣವೇ ಇಲ್ಲ. ಬದಲಾಯಿಸುವ ಕೆಲಸವನ್ನು ಮಾತ್ರ ಪಳಗಿದ ಕೈಗೆ ಒಪ್ಪಿಸಬೇಕು. ಕೆಳಗಿನ ತೋಳಿಗೆ ಜಾಕು ಕೊಡದೆ ತಿರುಪು ಬಿಚ್ಚಿದರೆ ಟಾರ್ಷನ್ ಬಾರಿನಲ್ಲಿ ಅಡಗಿದ ಬಲ ಒಮ್ಮೆಗೇ ಸಿಡಿದು ಕೈ ಮುರಿದೀತು.

ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಅದು ಬಹುಮಟ್ಟಿಗೆ ಚುಕ್ಕಾಣಿಯ ಕಡ್ಡಿಗಳ ತುದಿಯ ಗುಂಡುಕೀಲಿನದು. ಚುಕ್ಕಾಣಿಯ ಹಲ್ಲುಪಟ್ಟಿಯ ಎರಡು ತುದಿಗಳಿಗೂ ರಬ್ಬರಿನ ತಿದಿಗಳಿವೆ. ತಿದಿ ಹರಿದರೆ ಒಳಗಿನ ದಪ್ಪ ಎಣ್ಣೆ ಸೋರಿ ಧೂಳು ಒಳಸೇರುತ್ತದೆ; ಆಮೇಲೆ ಹಲ್ಲುಗಳ ಆಯುಷ್ಯ ಬಹಳವಿಲ್ಲ. ಕಡ್ಡಿಯ ತುದಿಗಳನ್ನು ಬದಲಾಯಿಸಿದ ಮೇಲೆ ಚಕ್ರಗಳ ಒಳಓರೆಯನ್ನು ಅಳೆಯಿಸಲೇಬೇಕು. ಅದು ಇರಬೇಕಾದುದು ಅಂಗುಲವನ್ನು 32 ಪಾಲು ಮಾಡಿದರೆ 3 ಪಾಲು ಮಾತ್ರ, ಕಣ್ಣಂದಾಜಿಗೆ ದೊರೆಯುವಂಥದಲ್ಲ.

ಎಣ್ಣೆಯ ಡ್ಯಾಂಪರಿನ ತೋಳು ಈ ಗಾಡಿಯಲ್ಲಿ ಕುಲುಕನ್ನು ಅಡಗಿಸುವುದಷ್ಟೇ ಅಲ್ಲ, ಚಕ್ರದ ಕಂಬವನ್ನು ಮೇಲಿನಿಂದ ಹಿಡಿದುಕೊಂಡೂ ಇದೆ. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಮೇಲೆದ್ದು ಒಡನೆಯೇ ನೆಲೆಗೊಳ್ಳಬೇಕು, ತೊಟ್ಟಿಲಿನಂತೆ ತೂಗಬಾರದು. ತೂಗಿದರೆ ಎಣ್ಣೆ ಇಳಿದಿದೆ. ಮುಚ್ಚಳದ ಸುತ್ತಲ ಕೊಳೆಯನ್ನು ಮೊದಲು ತೆಗೆದು, ಡ್ಯಾಂಪರಿಗೆಂದೇ ಮಾರುವ ಎಣ್ಣೆಯನ್ನು ತುಂಬಿಸಿ. ಬ್ರೇಕಿನ ದ್ರವವನ್ನು ಎಂದೂ ಸುರಿಯಕೂಡದು. ತೋಳಿನ ಬುಡದಲ್ಲಿಯೇ ಸಡಿಲ ಬಂದಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಡ್ಯಾಂಪರನ್ನೇ ಬದಲಾಯಿಸಬೇಕು.

ಟಾರ್ಷನ್ ಬಾರುಗಳ ವಿಷಯದಲ್ಲಿ ಎರಡೇ ಮಾತು. ಎಡಗಡೆಯದನ್ನು ಬಲಕ್ಕೆ ಹಾಕಬಾರದು. ಉಳಿಯ ಮೊನೆಯಿಂದಾಗಲಿ ಸುತ್ತಿಗೆಯಿಂದಾಗಲಿ ಅವುಗಳ ಮೈಗೆ ಗಾಯ ಮಾಡಬಾರದು. ಗೀರು ಬಿದ್ದಲ್ಲಿಯೇ ಉಕ್ಕು ಸೀಳಲಾರಂಭಿಸುತ್ತದೆ. ಹಿಂದುಗಡೆಯ ಪಟ್ಟೆ ಸ್ಪ್ರಿಂಗುಗಳು ಬಡಪಾಯಿಗಳು, ಹೆಚ್ಚೇನೂ ಕೇಳವು. ಮುರಿದ ಎಲೆಯಿದೆಯೇ ಎಂದು ನೋಡಿ, ತುದಿಯ ರಬ್ಬರುಗಳು ಬಿರಿದಿದ್ದರೆ ಬದಲಾಯಿಸಿದರೆ ಆಯಿತು. ಕಿರುಗುಟ್ಟುತ್ತದೆಂದು ರಬ್ಬರಿಗೆ ಎಣ್ಣೆ ಬಿಡುವ ವಾಡಿಕೆ ಕೆಲವು ಕಾರ್ಖಾನೆಗಳಲ್ಲಿದೆ. ಅದರಿಂದ ರಬ್ಬರು ಉಬ್ಬಿ ಬೇಗನೆ ಹಾಳಾಗುತ್ತದೆ.