ಎಣಿಕೆಗೆ ಆಳು, ಪಾಲಿಗೆ ಧಣಿ

ಮಧುಗಿರಿಯನ್ನು ಜಿಲ್ಲೆ ಮಾಡಬೇಕೆಂಬ ಕೂಗು ಬಹುಕಾಲದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಉಪವಿಭಾಗ ಈಗಾಗಲೇ ಇದೆ. ಅದು ಜಿಲ್ಲೆಯಾಗಲಿ, ಬೇಡವೆನ್ನುವವರು ನಾವಲ್ಲ. ಮೂರು ಕಡೆಗೂ ಆಂಧ್ರವೇ ಇರುವ ಪಾವಗಡದವನು ಒಂದು ಕಾಗದಕ್ಕಾಗಿ ತುಮಕೂರಿನವರೆಗೆ ಅಲೆಯುವ ಬವಣೆ ನಮಗೂ ಗೊತ್ತು. ಆದರೆ ವೇದಿಕೆ ಹತ್ತಿ 'ನಮ್ಮ ಸೀಮೆಗೆ ಅನ್ಯಾಯ' ಎಂದು ಎದೆ ಬಡಿದುಕೊಳ್ಳುವ ಮುಖಂಡರನ್ನು ಒಂದು ಮಾತು ಕೇಳಬೇಕಾಗಿದೆ: ಸ್ವಾಮಿ, ನಿಮ್ಮ 'ನಮ್ಮ ಸೀಮೆ'ಯಲ್ಲಿ ಮುಂಗಡ ತೆಗೆದುಕೊಂಡು ಧಣಿಯ ಮನೆಯಲ್ಲಿ ಬಿದ್ದಿರುವ ಆಳು ಸೇರಿದ್ದಾನೆಯೇ?

ಈ ಪ್ರಶ್ನೆ ಏಕೆಂದರೆ, ಸೀಮೆ ಸೀಮೆಗಳ ಜಗಳದಲ್ಲಿ ದುಡಿಯುವವನನ್ನು ಮಾರಿಕೊಂಡ ದೊಡ್ಡ ಉದಾಹರಣೆಯೊಂದು ಚರಿತ್ರೆಯಲ್ಲಿದೆ. 1787ರಲ್ಲಿ ಅಮೆರಿಕದ ಮುಖಂಡರು ಫಿಲಡೆಲ್ಫಿಯಾದಲ್ಲಿ ಕುಳಿತು ರಾಜ್ಯಾಂಗ ಬರೆದರು. ಮನುಷ್ಯರೆಲ್ಲರೂ ಸಮಾನರೆಂದು ಆ ದೇಶ ಜಗತ್ತಿಗೆ ಸಾರಿ ಹನ್ನೊಂದು ವರ್ಷವಾಗಿತ್ತಷ್ಟೆ. ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಜಗಳ ಹತ್ತಿತು. ಶಾಸನಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರನ್ನೂ ಜನಸಂಖ್ಯೆಗೆ ಸೇರಿಸಬೇಕೆಂದು ಹಠ ಹಿಡಿದವರು ಯಾರು? ಗುಲಾಮರನ್ನು ದನಗಳಂತೆ ಮಾರುತ್ತಿದ್ದ ದಕ್ಷಿಣದ ಧಣಿಗಳೇ! ಕೊನೆಗೆ ರಾಜಿಯಾಯಿತು: ಐದು ಗುಲಾಮರನ್ನು ಮೂರು ಜನರೆಂದು ಎಣಿಸತಕ್ಕದ್ದು. ಎಣಿಕೆಗೆ ಗುಲಾಮನ ತಲೆ ಬಂತು, ಓಟು ಮಾತ್ರ ಬರಲಿಲ್ಲ. ಅವನ ತಲೆಯ ಬಲದಿಂದ ಹೆಚ್ಚಿದ ಸ್ಥಾನದಲ್ಲಿ ಅವನ ಧಣಿಯೇ ಹೋಗಿ ಕುಳಿತ. 1789ರಿಂದ 1825ರವರೆಗಿನ ಮೂವತ್ತಾರು ವರ್ಷಗಳಲ್ಲಿ ಮೂವತ್ತೆರಡು ವರ್ಷ ಆ ದೇಶದ ಅಧ್ಯಕ್ಷ ಪದವಿಯಲ್ಲಿದ್ದವರು ವರ್ಜೀನಿಯಾ ಎಂಬ ಒಂದೇ ಸಂಸ್ಥಾನದ ಗುಲಾಮ ಒಡೆಯರು.

ಉತ್ತರದವರು ಸಾಧುಗಳೇ? ಅದೂ ಅಲ್ಲ. 1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂತು. ದಕ್ಷಿಣದ ಹತ್ತಿಯಿಂದ ನ್ಯೂಯಾರ್ಕಿನ ಸಾಹುಕಾರನ ಬಡ್ಡಿ ಬೆಳೆಯಿತು, ಮ್ಯಾಸಚೂಸೆಟ್ಸಿನ ಗಿರಣಿ ತಿರುಗಿತು. 1820ರಲ್ಲಿ ಮತ್ತೊಂದು ರಾಜಿ: ಮಿಸ್ಸೌರಿ ಗುಲಾಮಗಿರಿಗೆ, ಮೇನ್ ಸ್ವಾತಂತ್ರ್ಯಕ್ಕೆ, ಭೂಪಟದ ಮೇಲೆ ಗೆರೆ ಎಳೆದು ಎರಡು ಕಡೆಯವರೂ ಕೈ ಕುಲುಕಿದರು. ಸೀಮೆಗಳಿಗೆ ನ್ಯಾಯ ಸಿಕ್ಕಿತು, ಮನುಷ್ಯನಿಗೆ ಸಂಕೋಲೆ ಉಳಿಯಿತು. 1790ರಲ್ಲಿ ಸುಮಾರು ಏಳು ಲಕ್ಷವಿದ್ದ ಗುಲಾಮರು 1860ರ ಹೊತ್ತಿಗೆ ನಲವತ್ತು ಲಕ್ಷದಷ್ಟಾದರು. ಆ ರಾಜಿಗಳ ಸಾಲ ತೀರಿದ್ದು 1861ರಿಂದ 1865ರವರೆಗೆ ಹರಿದ ರಕ್ತದಿಂದ.

ಈಗ ನಮ್ಮ ಮನೆಯ ಲೆಕ್ಕ ನೋಡೋಣ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ವರದಿ ಕೊಟ್ಟಿತು. ಪಾವಗಡ, ಮಧುಗಿರಿಗಳೂ ಆ ಪಟ್ಟಿಯಲ್ಲಿವೆ. ಹಿಂದುಳಿದ ತಾಲ್ಲೂಕೆಂಬ ಹೆಸರು ಬಂದದ್ದು ಯಾರ ಹಸಿವಿನಿಂದ? ನೂರಾರು ಎಕರೆ ಇದ್ದವನ ಹಸಿವಿನಿಂದಲೇ? ಕೂಲಿಯವನ ಹಸಿವನ್ನು ಲೆಕ್ಕಕ್ಕೆ ಹಿಡಿದು ಅನುದಾನ ತರುವುದು, ತಂದ ಅನುದಾನವನ್ನು ಹಂಚುವ ಹೊತ್ತಿಗೆ ಅವನನ್ನು ಮರೆಯುವುದು: ಐದಕ್ಕೆ ಮೂರರ ಲೆಕ್ಕ ಇದಲ್ಲದೆ ಇನ್ನೇನು?

ಜೀತ ಈಗೆಲ್ಲಿದೆ ಎಂದು ಕೆಲವರು ನಗುತ್ತಾರೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮುಂಗಡ ಪಡೆದು, ಅದು ತೀರುವತನಕ ಬೇರೆ ಕಡೆ ದುಡಿಯಲು ಹೋಗಕೂಡದೆಂದರೆ ಅದೇ ಜೀತ. ಇಟ್ಟಿಗೆ ಗೂಡಿನಲ್ಲಾದರೂ ಜೀತವೇ, ಕುರಿಯ ಹಿಂದೆ ಹೋದರೂ ಜೀತವೇ. ಕಾನೂನು ತೆಗೆದುಹಾಕಿದ್ದು ಹೆಸರನ್ನಲ್ಲ, ಕಟ್ಟನ್ನು. ಸಂವಿಧಾನದ 23ನೆಯ ವಿಧಿ 1950ರಿಂದ ಜಾರಿಯಲ್ಲಿದೆ. 1976ರ ಜೀತಪದ್ಧತಿ ರದ್ದು ಕಾಯಿದೆಯ ಪ್ರಕಾರ ಜೀತದ ಸಾಲವೇ ಅಳಿದುಹೋಗಿದೆ. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು, ಆಳಿನದಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ಕೊಟ್ಟಿದೆ.

ಗಿರಣಿ ಕೆಲಸಗಾರ ಬಂಧುಗಳೇ, ಇದು ಹಳ್ಳಿಯ ಆಳಿನ ಪಾಡು, ನಮಗೇಕೆ ಎನ್ನಬೇಡಿ. ಅಮೆರಿಕದ ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿ, ಹತ್ತಿಯಿಲ್ಲದೆ ಲ್ಯಾಂಕಷೈರಿನ ಗಿರಣಿಗಳು ನಿಂತವು. ನಮ್ಮ ಧಾರವಾಡದ ಹತ್ತಿಗೆ ಬೆಲೆ ಏರಿ ವ್ಯಾಪಾರಿಗಳ ಗಲ್ಲಾ ತುಂಬಿತು; ಅಲ್ಲಿ ಕಾರ್ಮಿಕರ ಮಕ್ಕಳು ಹಸಿದು ಮಲಗಿದರು. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿ ತೊಲಗಲೆಂದು ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಹಸಿದವರು ಹಸಿದವರ ಪಕ್ಷ ಹಿಡಿದರು. ಪುಕ್ಕಟೆ ದುಡಿಯುವ ಆಳು ಬೇಲಿಯಾಚೆ ಇರುವತನಕ ಬೇಲಿಯೀಚಿನ ಕೂಲಿ ಏರುವುದಿಲ್ಲವೆಂಬುದು ನೆನಪಿರಲಿ.

ಅಂಗಡಿಯ ಅಣ್ಣಂದಿರೇ, ನಿಮಗೂ ಒಂದು ಮಾತು. ಮುಂಗಡದಲ್ಲಿ ಕೂಲಿ ವಜಾ ಆಗುವ ಆಳು ಪುರವರದ ಅಂಗಡಿಯಲ್ಲಿ ಏನು ಕೊಂಡಾನು? ಅವನ ಕೈಗೆ ವಾರದ ಕೂಲಿ ಬಂದರೆ ಅದು ಅಕ್ಕಿಗೆ, ಎಣ್ಣೆಗೆ, ಮಗುವಿನ ಅಂಗಿಗೆಂದು ನಿಮ್ಮ ಗಲ್ಲಾಕ್ಕೇ ಬರುವುದು. ಜೀತದಿಂದ ಬೆಳೆಯುವುದು ಬಡ್ಡಿಯವನು ಮಾತ್ರ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಕಾಯಿದೆಯಂತೆ ಪ್ರತಿ ಉಪವಿಭಾಗದಲ್ಲೂ ಒಂದು ಜಾಗೃತಿ ಸಮಿತಿ ಇರತಕ್ಕದ್ದು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಸದಸ್ಯರಿರತಕ್ಕದ್ದು. ಮಧುಗಿರಿ ಉಪವಿಭಾಗದ ಸಮಿತಿಯಲ್ಲಿ ಯಾರಿದ್ದಾರೆ? ಅದು ಕಡೆಯ ಬಾರಿ ಸೇರಿದ್ದು ಎಂದು? ಎಷ್ಟು ಮಂದಿಗೆ ಬಿಡುಗಡೆಯ ಪತ್ರ ಸಿಕ್ಕಿದೆ? ಈ ಮೂರು ಪ್ರಶ್ನೆಗಳನ್ನು ಅರ್ಜಿಯಾಗಿ ಬರೆದು, ಊರೂರಿನಿಂದ ಸಹಿ ಮಾಡಿಸಿ ಉಪವಿಭಾಗಾಧಿಕಾರಿಗಳ ಕಚೇರಿಗೆ ಕೊಡಿರಿ. ಹೊಸ ಜಿಲ್ಲೆಗಾಗಿ ಓಟು ಕೇಳಲು ಬಂದವರ ಮುಂದೆಯೂ ಅದನ್ನೇ ಹಿಡಿಯಿರಿ. ಜಿಲ್ಲೆ ಬರಲಿ, ಆದರೆ ಹಳೆಯ ಜೀತವನ್ನು ಹೊತ್ತುಕೊಂಡು ಬರುವ ಹೊಸ ಜಿಲ್ಲೆ ಧಣಿಗೆ ಹತ್ತಿರದ ಕಚೇರಿಯಾದೀತೇ ಹೊರತು ಆಳಿಗೆ ನ್ಯಾಯವಾಗಲಾರದು.