ಬೊಂಬೆಗಳಿಗೊಂದು ರಟ್ಟಿನ ಮನೆ

ನವರಾತ್ರಿಯು ಸಮೀಪಿಸಿತೆಂದರೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುವುವು. ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿಟ್ಟಿದ್ದ ಬೊಂಬೆಗಳನ್ನು ಒಂದೊಂದಾಗಿ ಬಿಚ್ಚುವಾಗ ಮಕ್ಕಳ ಸಂಭ್ರಮ ಹೇಳತೀರದು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಗಳು ಮೇಲಿನ ಮೆಟ್ಟಿಲನ್ನೇರುವುವು. ದಶಾವತಾರದ ಸಾಲು, ಶೆಟ್ಟಿ ದಂಪತಿಗಳು, ಚನ್ನಪಟ್ಟಣದ ಮರದ ಬೊಂಬೆಗಳು ತಮ್ಮ ತಮ್ಮ ಸ್ಥಾನವನ್ನು ಹಿಡಿಯುವುವು. ಆದರೆ ಈ ಕಾರ್ಯದಲ್ಲಿ ಮಕ್ಕಳಿಗೆ ದೊರೆಯುವ ಪಾಲು ಎಷ್ಟು? “ಮುಟ್ಟಬೇಡ, ಒಡೆದೀತು” ಎಂಬ ಮಾತೇ ಅನೇಕ ವೇಳೆ ಅವರಿಗೆ ಸಲ್ಲುವ ಬಾಗಿನವಾಗಿರುತ್ತದೆ. ಹಬ್ಬವು ಮಕ್ಕಳದೆಂದು ಹೇಳುತ್ತ ಅವರನ್ನು ದೂರ ನಿಲ್ಲಿಸುವುದು ನ್ಯಾಯವಲ್ಲ. ಆದುದರಿಂದ ಈ ತಿಂಗಳು, ಮಕ್ಕಳು ತಮ್ಮ ಕೈಯಾರೆ ಮಾಡಬಹುದಾದ ರಟ್ಟಿನ ತೊಟ್ಟಿಯ ಮನೆಯೊಂದನ್ನು ಕುರಿತು ಬರೆಯುತ್ತೇನೆ.

ಹೋದ ವರ್ಷ ನಮ್ಮ ಮಕ್ಕಳು ಅರಮನೆಯನ್ನೇ ಕಟ್ಟಬೇಕೆಂದು ಹಟ ಹಿಡಿದಿದ್ದರು. 1912ರಲ್ಲಿ ಮುಗಿದ ಮೈಸೂರಿನ ಅರಮನೆಯ ಗುಮ್ಮಟಗಳೂ ಕಮಾನುಗಳೂ ಎಳೆಯ ಕೈಗಳಿಗೆ ಸುಲಭವಾಗಿ ದಕ್ಕುವುವಲ್ಲ. ಎರಡು ದಿನ ರಟ್ಟು ಹಾಳಾಯಿತು, ಜಗಳವೂ ಆಯಿತು. ಆಗ ನಮ್ಮ ಅತ್ತೆಯವರು, “ಅರಮನೆ ರಾಜರಿಗಿರಲಿ ಮಕ್ಕಳೇ, ನಮ್ಮೂರ ಮನೆಯನ್ನು ಕಟ್ಟಿ, ನಾನು ಹೇಳುತ್ತೇನೆ” ಎಂದರು. ಆ ಮನೆಯು ಪರರ ಪಾಲಾಗಿ ಬಹಳ ವರ್ಷಗಳಾದುವು. ಮಕ್ಕಳು ಅದನ್ನು ಕಂಡವರಲ್ಲ.

ಮೊದಲು ಸಾಮಗ್ರಿಯನ್ನು ಹೇಳುವೆನು. ಈಗ ಮನೆಮನೆಗೂ ಸಾಮಾನು ತುಂಬಿ ಬರುವ ರಟ್ಟಿನ ಪೆಟ್ಟಿಗೆಗಳೇ ಸಾಕು, ಕೊಳ್ಳಬೇಕಾದದ್ದಿಲ್ಲ. ಈ ರಟ್ಟಿನಲ್ಲಿ ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಯಲೆಯಾದ ಕಾಗದವೊಂದಿರುವುದನ್ನು ಮಕ್ಕಳಿಗೆ ತೋರಿಸಬೇಕು. ಅಲೆಗಳ ಗೆರೆ ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಗೋಡೆಯನ್ನು ಕತ್ತರಿಸಿದರೆ ಅದು ಭಾರವನ್ನು ತಡೆಯುವುದು. ಅಡ್ಡಲಾಗಿ ಕತ್ತರಿಸಿದರೆ ಬೇಗ ಕುಗ್ಗುವುದು.

ಅಂಟನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಕಾಲು ಬಟ್ಟಲು ಮೈದಾ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಬಟ್ಟಲು ಕುದಿಯುವ ನೀರಿಗೆ ಹೊಯ್ದು, ಸಣ್ಣ ಉರಿಯಲ್ಲಿ ತಿರುವುತ್ತ ಹೊಳಪು ಬರುವವರೆಗೆ ಬೇಯಿಸತಕ್ಕದ್ದು. ಇದು ಒಂದೆರಡು ದಿನ ಮಾತ್ರ ಕೆಡದೆ ಇರುವುದು. ಹುಳು ಹತ್ತದಿರಲೆಂದು ಹಿಂದಿನವರು ಇದಕ್ಕೆ ಮೈಲುತುತ್ತವನ್ನು ಸೇರಿಸುತ್ತಿದ್ದುದುಂಟು. ಅದು ವಿಷ, ಮಕ್ಕಳ ಕೈಗೆ ಹೋಗುವ ಅಂಟಿಗೆ ಎಂದಿಗೂ ಸೇರಿಸಕೂಡದು.

ಅಳತೆಯನ್ನು ಬೊಂಬೆಯಿಂದಲೇ ತೆಗೆದುಕೊಳ್ಳಬೇಕು. ನಮ್ಮ ಬೊಂಬೆಗಳು 4 ಅಂಗುಲ ಎತ್ತರದವು; ಆದುದರಿಂದ ಬಾಗಿಲಿಗೆ 5 ಅಂಗುಲ ಎತ್ತರವನ್ನೂ 3 ಅಂಗುಲ ಅಗಲವನ್ನೂ ಇಟ್ಟೆವು. 18 ಅಂಗುಲ ಅಗಲ, 21 ಅಂಗುಲ ಉದ್ದದ ರಟ್ಟೊಂದು ನೆಲ. ಇದರಲ್ಲಿ ಮುಂದಿನ 3 ಅಂಗುಲ ಜಗಲಿಗೆ. 18 ಅಂಗುಲ ಉದ್ದ, 8 ಅಂಗುಲ ಎತ್ತರದ ನಾಲ್ಕು ತುಂಡುಗಳು ಹೊರಗೋಡೆಗಳು. ಮೂಲೆಗಳನ್ನು 2 ಅಂಗುಲ ಅಗಲದ ಬಟ್ಟೆಯ ಪಟ್ಟಿಗಳಿಂದ ಒಳಗೂ ಹೊರಗೂ ಅಂಟಿಸಿದರೆ ಗಟ್ಟಿಯಾಗುವುವು. ಬಾಗಿಲಿನ ಕೆಳಗೆ ಅರ್ಧ ಅಂಗುಲವನ್ನು ಹೊಸ್ತಿಲಿಗಾಗಿ ಬಿಟ್ಟು, ಮೇಲೆ, ಕೆಳಗೆ, ನಡುವೆ ಮಾತ್ರ ಕೊಯ್ಯಬೇಕು. ಎರಡು ಪಕ್ಕಗಳಲ್ಲಿ ಮಸಿ ಮುಗಿದ ಲೇಖನಿಯ ತುದಿಯಿಂದ ಒತ್ತಿ ಗೆರೆ ಎಳೆದರೆ ಜೋಡಿ ಕದಗಳು ತೆರೆದು ಮುಚ್ಚುವುವು. ಚಾಕುವಿನ ಕೆಲಸವೆಲ್ಲ ಹಿರಿಯರದು. ಅಳೆಯುವುದು, ಮಡಿಸುವುದು ಏಳೆಂಟು ವರ್ಷದವರದು; ಕಾಗದ ಹರಿದು ಅಂಟು ಸವರುವುದು ಅದಕ್ಕಿಂತ ಚಿಕ್ಕವರದು.

ಮನೆಯ ನಡುವೆ 6 ಅಂಗುಲದ ಚೌಕವನ್ನು ತೊಟ್ಟಿಗಾಗಿ ಬಿಟ್ಟು, ಅದರ ನಾಲ್ಕು ಮೂಲೆಗಳಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಬಿಗಿಯಾಗಿ ಸುತ್ತಿ ಮಾಡಿದ 6 ಅಂಗುಲದ ಕಂಬಗಳನ್ನು ನಿಲ್ಲಿಸಬೇಕು. ಸೂರಿಗೆ ನಾಲ್ಕು ತುಂಡುಗಳು: ಒಂದೊಂದರ ಹೊರ ಅಂಚು 18 ಅಂಗುಲ, ಒಳ ಅಂಚು 6 ಅಂಗುಲ, ನಡುವಣ ಅಗಲ 6¼ ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಇವು ಗೋಡೆಯ ಮೇಲಿನಿಂದ ಕಂಬಗಳ ಕಡೆಗೆ ಇಳಿಜಾರಾಗಿ ಕೂರುವುವು.

ಇಲ್ಲಿ ಮಕ್ಕಳಿಗೆ ಬಹಳ ಹಿಡಿಸಿದ ಉಪಾಯವೊಂದಿದೆ. ಸೂರಿನ ರಟ್ಟಿನ ಮೇಲ್ಪದರವನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ ಮೆಲ್ಲನೆ ಸುಲಿದರೆ ಒಳಗಿನ ಅಲೆಗಳು ಕಾಣಿಸಿಕೊಳ್ಳುವುವು. ಗೆರೆಗಳು ಇಳಿಜಾರಿನ ದಿಕ್ಕಿಗಿದ್ದರೆ ಅವು ನಾಡಹೆಂಚಿನ ಸಾಲುಗಳೇ ಸರಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಆ ಚಪ್ಪಟೆ ಹೆಂಚುಗಳಿಗಿಂತ ಹಿಂದಿನವು ಈ ದುಂಡು ನಾಡಹೆಂಚುಗಳು. ಇವಕ್ಕೆ ಕೆಮ್ಮಣ್ಣನ್ನು ತೆಳುವಾದ ಅಂಟಿನಲ್ಲಿ ಕದಡಿ ಬಳಿದೆವು. ಗೋಡೆಗಳಿಗೆ ಸುಣ್ಣದ ಬದಲು ಬಿಳಿಯ ಕಾಗದ. ಸುಣ್ಣವು ಮಕ್ಕಳ ಕಣ್ಣಿಗೆ ಅಪಾಯಕರ.

ಈ ಕಾಗದ ಹಚ್ಚುವಲ್ಲಿಯೇ ನಮ್ಮ ಮನೆಯಲ್ಲಿ ತೊಡಕು ಬಂದಿತು. ಅಂಟಿಸಿದ ಕಾಗದವು ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುವುದು. ಆದುದರಿಂದ ಎರಡು ಮೈಗೂ ಕಾಗದ ಹಚ್ಚಿ, ಪುಸ್ತಕಗಳ ಭಾರವಿಟ್ಟು ನೆರಳಿನಲ್ಲಿ ಒಣಗಿಸಬೇಕು. ಎಂಟು ವರ್ಷದ ಮಗಳು ಆತುರದಿಂದ ಹಿತ್ತಿಲ ಕಡೆಯ ಗೋಡೆಗೆ ಒಂದೇ ಮೈಗೆ ಹಚ್ಚಿ ನಿಲ್ಲಿಸಿಬಿಟ್ಟಳು. ಬೆಳಗಾಗುವುದರೊಳಗೆ ಅದು ಬಿಲ್ಲಿನಂತೆ ಬಾಗಿತ್ತು. ನಾನು ಏನೂ ಹೇಳದೆ, ಆ ರಾತ್ರಿ ಮಕ್ಕಳು ಮಲಗಿದ ಬಳಿಕ ಅದನ್ನು ಕಿತ್ತು, ನೆಟ್ಟಗಿನ ಹೊಸ ಗೋಡೆಯೊಂದನ್ನು ಕೂರಿಸಿದೆನು. ಹಬ್ಬಕ್ಕೆ ಬರುವ ನೆರೆಯವರ ಕಣ್ಣಿಗೆ ಅಂದವಾಗಿ ಕಾಣಲೆಂಬುದೇ ನನ್ನ ಎಣಿಕೆ.

ಮರುದಿನ ಮಗಳು ಮನೆಯನ್ನು ಒಂದು ಸುತ್ತು ನೋಡಿದಳು. “ಇದು ನೀನು ಮಾಡಿದ ಮನೆ ಅಮ್ಮ” ಎಂದು ಕೆಮ್ಮಣ್ಣಿನ ಬಟ್ಟಲನ್ನು ಕೆಳಗಿಟ್ಟು ಹೊರಟುಹೋದಳು. ಅಳಲಿಲ್ಲ, ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ದಿನವೆಲ್ಲ ಯಾರು ಕರೆದರೂ ಕೆಲಸಕ್ಕೆ ಬರಲಿಲ್ಲ.

ಸಂಜೆ ಅತ್ತೆಯವರು ನನ್ನನ್ನು ಕರೆದು, “ಹಳೆಯ ಗೋಡೆ ಎಲ್ಲಿದೆಯಮ್ಮ?” ಎಂದು ಕೇಳಿದರು. ಕಸದ ಬುಟ್ಟಿಯಲ್ಲಿದ್ದುದನ್ನು ನಾಚಿಕೆಯಿಂದ ತಂದುಕೊಟ್ಟೆನು. ಅವರು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, “ಒಂದು ಮಳೆಗಾಲದಲ್ಲಿ ನಮ್ಮ ಹಿತ್ತಿಲ ಗೋಡೆಯೂ ಹೀಗೆಯೇ ಉಬ್ಬಿತ್ತು ಮಗು. ನಿಮ್ಮ ತಾತ ಒಂದು ಮರದ ಊರೆ ಕೊಟ್ಟು ನಿಲ್ಲಿಸಿದರು. ನಾವು ಮನೆ ಬಿಡುವವರೆಗೂ ಅದು ಹಾಗೆಯೇ ಇತ್ತು” ಎಂದರು. ನನ್ನ ಯಜಮಾನರು ಪತ್ರಿಕೆಯಿಂದ ತಲೆಯೆತ್ತಿ, ಆ ಊರೆಗೆ ತಾವು ಉಯ್ಯಾಲೆ ಕಟ್ಟಿ ಏಟು ತಿಂದುದನ್ನು ಹೇಳಿದರು. ಮದುವೆಯಾಗಿ ಇಷ್ಟು ವರ್ಷಗಳಾದರೂ ಆ ಕಥೆಯನ್ನು ನಾನು ಕೇಳಿರಲಿಲ್ಲ. ಬಾಗಿದ ಗೋಡೆ ಮರಳಿ ತನ್ನ ಸ್ಥಾನವನ್ನು ಸೇರಿತು. ಮಗಳು ಒಂದು ಕಡ್ಡಿಯನ್ನು ಊರೆ ಕೊಟ್ಟಳು.

ತಾಯಂದಿರೇ, ತಂದೆಗಳೇ, ಎಳೆಯರ ಕೆಲಸದಲ್ಲಿ ತಪ್ಪು ಕಂಡರೆ ಅವರ ಎದುರಿಗೇ ಹೇಳಿ, ಅವರ ಕೈಯಿಂದಲೇ ತಿದ್ದಿಸಿರಿ. ಮಲಗಿದ ಮೇಲೆ ತಿದ್ದಬೇಡಿ. ಇದು ನಾನು ಕಲಿತ ಪಾಠ.

ಇನ್ನೊಂದು ಎಚ್ಚರಿಕೆ. ರಟ್ಟಿನ ಮನೆಯೊಳಗೆ ಎಣ್ಣೆಯ ದೀಪವನ್ನಾಗಲಿ ಮೇಣದ ಬತ್ತಿಯನ್ನಾಗಲಿ ಇಡಲೇಕೂಡದು. ಮೈಸೂರಿನ ಹಳೆಯ ಮರದ ಅರಮನೆಯೇ 1897ರಲ್ಲಿ ಬೆಂಕಿಗೆ ಆಹುತಿಯಾಯಿತು, ರಟ್ಟಿನ ಮಾತೇನು! ಬ್ಯಾಟರಿಯ ಪುಟ್ಟ ದೀಪವು ಸಾಕು. ಮನೆಯನ್ನು ನೆಲದ ಮೇಲಿಟ್ಟರೆ ಮೇಲಿನಿಂದ ತೊಟ್ಟಿಯೊಳಗಿನ ಬೊಂಬೆಗಳು ಚೆನ್ನಾಗಿ ಕಾಣುವುವು.

ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸಿದ ಬಳಿಕ ಈ ಮನೆಯನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಿತು. ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ಒಣಗಿದ ಬೇವಿನೆಲೆಗಳನ್ನು ಒಳಗೆ ಹಾಕಿ, ಹಳೆಯ ಪಂಚೆಯೊಂದನ್ನು ಹೊದಿಸಿ, ಅತ್ತೆಯವರ ಮಂಚದ ಕೆಳಗೆ ಇಟ್ಟಿದ್ದೇವೆ. ಈ ವರ್ಷ ಅದಕ್ಕೆ ಬಾವಿಯೂ ದನದ ಕೊಟ್ಟಿಗೆಯೂ ಆಗಬೇಕೆಂದು ಅವರ ಅಪ್ಪಣೆಯಾಗಿದೆ.